ಪ್ರಶಸ್ತಿಯ ಕೋಟಿಗೆ ಕಾಜಾ

ನನ್ನ ತಮ್ಮನಿಗೆ ಶ್ರೇಷ್ಠ ನಟ ಅಂತ ರಾಷ್ಟ್ರಪ್ರಶಸ್ತಿ ಬಂದ ದಿನದಿಂದ ನನಗೆ ಸರಿಯಾಗಿ ಹೊಲಿಯಲು ಬರದಂತಾಯಿತು. ಕೇಳಿದವರು ನಗುತ್ತಾರೆ. ನಗಲಿ, ಅವರ ಗಂಟೇನು ಹೋಗುತ್ತದೆ.

ಅವನು ಆ ಸಿನಿಮಾದಲ್ಲಿ ಮಾಡಿದ್ದು ಒಬ್ಬ ದರ್ಜಿಯ ಪಾತ್ರ. ನಾನು ಮೀಸೆ ಮೂಡುವ ಮುಂಚಿನಿಂದಲೂ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಜೊತೆ ಮಾತಾಡುವುದು, ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಿವಿಯ ತುದಿ ಎಳೆದುಕೊಳ್ಳುವುದು, ಊಟಕ್ಕೆ ಕೂತರೂ ಕೊರಳಿನ ಟೇಪು ತೆಗೆಯದಿರುವುದು, ಎಡಭುಜ ಇಳಿಬಿಟ್ಟು ನಡೆಯುವುದು, ಎಲ್ಲ ನನ್ನವೇ. ಹೇಳದೆ ಕೇಳದೆ ಎತ್ತಿಕೊಂಡು ಹೋಗಿದ್ದ.

ಸಿನಿಮಾ ಹೆಚ್ಚು ದಿನ ಓಡಿರಲಿಲ್ಲ, ನಾನೂ ನೋಡಿರಲಿಲ್ಲ. ಪ್ರಶಸ್ತಿ ಬಂದದ್ದೇ ತಡ, ಟೀವಿಯವರು ಅದರ ತುಣುಕುಗಳನ್ನು ಹಾಕಿದ್ದೇ ಹಾಕಿದ್ದು. ಮಾರನೆಯ ದಿನ ಪ್ಯಾಂಟು ಸಡಿಲ ಮಾಡಿಸಲು ಬಂದ ನಿವೃತ್ತ ಮೇಷ್ಟ್ರು ನನ್ನನ್ನೇ ನೋಡುತ್ತ ನಿಂತರು. "ಅಲ್ರೀ, ನೀವೂ ತಮ್ಮನ ಥರಾನೇ ಕಿವಿ ಎಳ್ಕೊಳ್ಳೋಕೆ ಶುರು ಮಾಡಿಬಿಟ್ರಾ?" ಎಂದರು.

ನನಗೆ ಮೈಯೆಲ್ಲ ಉರಿಯಿತು. ಕಿವಿಯಿಂದ ಕೈ ತೆಗೆದೆ. ತೆಗೆದ ಕೈಯನ್ನು ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ಮೇಷ್ಟ್ರು ಹೋದ ಮೇಲೆ ಕತ್ತರಿ ಹಿಡಿದರೆ, ಇದು ನಾನು ಹಿಡಿಯುವ ರೀತಿಯೋ ಅವನು ಹಿಡಿದು ತೋರಿಸಿದ್ದೋ ಎಂಬ ಅನುಮಾನ. ಭುಜ ನೆಟ್ಟಗೆ ಮಾಡಿಕೊಂಡು ನಡೆದರೆ ಎದುರಿನ ಅಂಗಡಿಯವನು ಕುತ್ತಿಗೆ ಹಿಡಿದುಕೊಂಡಿದೆಯಾ ಅಂತ ವಿಚಾರಿಸುತ್ತಾನೆ. ಎರಡು ಅಂಗಿಗಳ ಕಾಲರು ತಪ್ಪು ಕತ್ತರಿಸಿದೆ. ನನ್ನ ಮೈಯನ್ನೇ ಯಾರದೋ ಅಳತೆಗೆ ಹೊಲಿದು ತೊಡಿಸಿದ ಹಾಗಾಗಿತ್ತು.

ಇಷ್ಟಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಟೀವಿಯಲ್ಲಿ ಪದೇ ಪದೇ ತೋರಿಸುತ್ತಿದ್ದ ಒಂದು ದೃಶ್ಯ ಇತ್ತು. ಆಯ್ಕೆ ಸಮಿತಿಯವರೂ ಅದೊಂದೇ ಸಾಕು ಅಂದಿದ್ದರಂತೆ. ಹೆಂಡತಿ ತೀರಿಕೊಂಡ ಮೇಲೆ ದರ್ಜಿ ಅಂಗಡಿಗೆ ಬಂದು ಸೂಜಿಗೆ ದಾರ ಪೋಣಿಸಲು ನೋಡುತ್ತಾನೆ. ದಾರ ಹೋಗುವುದಿಲ್ಲ. ತುದಿ ಕಚ್ಚುತ್ತಾನೆ, ಎಂಜಲು ಹಚ್ಚುತ್ತಾನೆ, ಬೆಳಕಿಗೆ ಹಿಡಿಯುತ್ತಾನೆ. ಕೊನೆಗೆ ಅಂಗಿಯನ್ನು ಮಡಿಸಿಟ್ಟು ಸುಮ್ಮನೆ ಕೂರುತ್ತಾನೆ.

ಅದು ನನ್ನ ಹೆಂಡತಿ ಹೋದ ಮೇಲಿನ ನಾನು. ಕಾಜಾ ಎಲ್ಲ ಅವಳದೇ ಕೆಲಸವಾಗಿತ್ತು. ಗುಂಡಿ ತೂರುವ ಆ ಚಿಕ್ಕ ಸೀಳಿನ ಸುತ್ತ ಅವಳು ಹಾಕುತ್ತಿದ್ದ ಹೊಲಿಗೆ ಯಾವ ಮೆಷಿನ್ನಿಗೂ ಬರುವುದಿಲ್ಲ. ಅವಳು ಅರ್ಧಕ್ಕೆ ಬಿಟ್ಟ ಒಂದು ಕಾಜಾವನ್ನು ನಾನಾದರೂ ಮುಗಿಸೋಣ ಅಂತ ಅವತ್ತು ಕೂತಿದ್ದೆ, ದಾರವೇ ಹೋಗಿರಲಿಲ್ಲ. ಎದುರಿಗಿದ್ದವನು ತಮ್ಮ ಒಬ್ಬನೇ. ಆಮೇಲೆ ನಾನು ಕೈಯಲ್ಲಿ ಕಾಜಾ ಮಾಡಿಲ್ಲ, ಹೊರಗೆ ಮೆಷಿನ್ನಿಗೆ ಕೊಡುತ್ತೇನೆ.

ಅವತ್ತು ಅವನು ನನ್ನ ಜೊತೆ ಕೂತಿದ್ದನೋ, ನನ್ನನ್ನು ನೋಡುತ್ತ ಕೂತಿದ್ದನೋ? ಈ ಒಂದು ಪ್ರಶ್ನೆ ತಲೆಯಲ್ಲಿ ಹುಳದ ಹಾಗೆ ಕೊರೆಯತೊಡಗಿತು. ಒಂದು ಗಳಿಗೆ ಅವನ ಮೇಲೆ ಹೆಮ್ಮೆ, ಇನ್ನೊಂದು ಗಳಿಗೆ ಕಪಾಳಕ್ಕೆ ಬಿಗಿಯಬೇಕು ಅನ್ನುವಷ್ಟು ಸಿಟ್ಟು.

ಅಷ್ಟರಲ್ಲಿ ಅವನೇ ಬಂದ. ಪ್ರಶಸ್ತಿ ತೆಗೆದುಕೊಳ್ಳಲು ತೊಡುವ ಕೋಟು ಅಣ್ಣನ ಕೈಯದ್ದೇ ಆಗಬೇಕಂತೆ. ಬೇಡ ಅನ್ನಲು ಬಾಯಿ ಬರಲಿಲ್ಲ. ಕನ್ನಡಿಯ ಮುಂದೆ ನಿಲ್ಲಿಸಿ ಟೇಪು ಹಿಡಿದರೆ ಅವನ ಎಡಭುಜ ಇಳಿದಿತ್ತು. ನೆಟ್ಟಗೆ ನಿಲ್ಲೋ ಅಂದೆ. ನಿಂತ. ಟೇಪು ತಿರುಗಿಸುವುದರೊಳಗೆ ಮತ್ತೆ ಇಳಿದಿತ್ತು. ಆ ಪಾತ್ರ ಮಾಡಿದ ಮೇಲೆ ಹೀಗೇ ಆಗಿಬಿಟ್ಟಿದೆ, ಹೋಗುತ್ತಲೇ ಇಲ್ಲ ಅಂದ. ಕನ್ನಡಿಯಲ್ಲಿ ಇಬ್ಬರೂ ವಾಲಿಕೊಂಡು ನಿಂತಿದ್ದೆವು. ಯಾರ ಅಳತೆ ಬರೆದುಕೊಳ್ಳಲಿ? ಅವನ ಹಳೆಯ ಭುಜದ್ದೋ, ನನ್ನಿಂದ ಅಂಟಿಸಿಕೊಂಡದ್ದೋ? ತೋಚದೆ ಎಡಗಡೆ ಪ್ಯಾಡು ದಪ್ಪ ಹಾಕಿದೆ.

ಟ್ರಯಲ್ಲಿಗೆ ಬಂದಾಗ ಕೋಟು ಚೆನ್ನಾಗಿಯೇ ಕೂತಿತ್ತು. ಕಾಜಾ ಮಾತ್ರ ಬಾಕಿ. ಮೆಷಿನ್ನಿನವನ ಹತ್ತಿರ ಕಳಿಸಬೇಕು ಅಂದೆ. ಅವನು ತಲೆ ತಗ್ಗಿಸಿ, ಅತ್ತಿಗೆ ಇದ್ದಿದ್ದರೆ ಮೆಷಿನ್ನಿಗೆ ಕೊಡಲು ಬಿಡುತ್ತಿರಲಿಲ್ಲ ಅಂದ.

ನನಗೆ ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ. "ಅವತ್ತು ನನ್ನೆದುರು ಕೂತಿದ್ಯಲ್ಲ, ತಮ್ಮ ಆಗಿ ಕೂತಿದ್ಯಾ, ಕಲಿಯೋಕೆ ಕೂತಿದ್ಯಾ?"

ಅವನು ಕೋಟು ಬಿಚ್ಚಿ ಮೇಜಿನ ಮೇಲಿಟ್ಟ. "ಗೊತ್ತಿಲ್ಲ ಅಣ್ಣ. ಅಳ್ತಾ ಇದ್ದೆ. ನೋಡ್ತಾನೂ ಇದ್ದೆ. ಎರಡೂ ನಾನೇ."

ಇದೆಂಥ ಉತ್ತರ. ಇಲ್ಲ ಅಂದಿದ್ದರೆ ನಂಬುತ್ತಿದ್ದೆ, ಹೌದು ಅಂದಿದ್ದರೆ ಬೈದು ಕಳಿಸುತ್ತಿದ್ದೆ. ಎರಡಕ್ಕೂ ಆಸ್ಪದವಿಲ್ಲದಂತೆ ಮಾಡಿ ನಿಂತಿದ್ದ. ಸಿಟ್ಟಿಗೆ ಸೂಜಿಯನ್ನೂ ರೇಷ್ಮೆ ದಾರವನ್ನೂ ಅವನ ಕೈಗೆ ತುರುಕಿದೆ. ಕಲಿತಿದ್ದೀಯಲ್ಲ, ಪೋಣಿಸು ನೋಡೋಣ ಅಂದೆ.

ಪೋಣಿಸಲು ನೋಡಿದ. ದಾರ ಪಕ್ಕಕ್ಕೆ ಹೋಯಿತು. ತುದಿ ಕಚ್ಚಿದ, ಮತ್ತೆ ನೋಡಿದ, ಮತ್ತೆ ತಪ್ಪಿತು. ಬೆಳಕಿಗೆ ಹಿಡಿದ. ಅಲ್ಲಿ ಕ್ಯಾಮೆರಾ ಇರಲಿಲ್ಲ, ನಾನೊಬ್ಬನೇ ಇದ್ದದ್ದು. ದಾರ ಮತ್ತೆ ಪಕ್ಕಕ್ಕೇ ಹೋಯಿತು. ಅದು ನಟನೆಯೋ ನಿಜವೋ ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಕಾಣ್ತಿಲ್ಲ ಅಣ್ಣ," ಅಂದ.

ನೋಡಲಾಗದೆ ಸೂಜಿಯನ್ನು ಕಿತ್ತುಕೊಂಡೆ. ನನ್ನ ಕೈ ಏನು ಮಾಡುತ್ತಿದೆ, ಯಾರ ಹಾಗೆ ಮಾಡುತ್ತಿದೆ ಅಂತ ಯೋಚಿಸಲು ಪುರಸೊತ್ತೇ ಆಗಲಿಲ್ಲ. ದಾರ ಒಂದೇ ಸಲಕ್ಕೆ ಹೋಯಿತು. ಮಾಡಿದವನಿಗೇ ನಂಬಿಕೆ ಬರದೆ ಎಳೆದು ನೋಡಿದೆ, ಹೋಗಿತ್ತು. ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು, ಗುರುತು ಮಾಡಿದ ಕಡೆ ಸೀಳಿ, ಅವಳು ಹಾಕುತ್ತಿದ್ದ ಹಾಗೆ ಮೊದಲ ಹೊಲಿಗೆ ಹಾಕಿದೆ. ಕಣ್ಣು ತುಂಬಿ ಬಂತು.

ತಲೆಯೆತ್ತಿದರೆ ತಮ್ಮ ರೆಪ್ಪೆ ಬಡಿಯದೆ ನನ್ನ ಕೈಯನ್ನೇ ನೋಡುತ್ತಿದ್ದ.

"ಆ ಕಡೆ ತಿರುಗ್ಕೋ," ಅಂದೆ. "ಇದು ನಂದು."

ಅವನು ಸ್ಟೂಲಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ. ಕಾಜಾ ಮುಗಿಯುವವರೆಗೂ ಒಂದು ಸಲವೂ ಹಿಂತಿರುಗಿ ನೋಡಲಿಲ್ಲ.