ನೊಣಗಳು ಎಬ್ಬಿಸಿದ ಸಂಜೆ

ಜೀವಶಾಸ್ತ್ರ ವಿಭಾಗದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ನೊಣದಮ್ಮ ಅಂತಲೇ. ಹಣ್ಣಿಗೆ ಮುತ್ತುವ ಪುಟಾಣಿ ನೊಣಗಳಿಗೆ ಬೆಳಕೇ ಕಾಣದಿದ್ದರೂ ಹೊತ್ತು ತಿಳಿಯುತ್ತದೆಯೇ? ಇದು ಅವಳ ಪಿಎಚ್‌ಡಿ. "ಅಲ್ವೇ ಅಕ್ಕ, ನೊಣ ಹೊಡ್ಕೊಂಡು ಕೂರೋಕೂ ಡಿಗ್ರಿ ಕೊಡ್ತಾರಾ?" ಎಂದು ತಮ್ಮ ಫೋನಿನಲ್ಲಿ ಕಿಚಾಯಿಸುತ್ತಿದ್ದ. ನಗಲಿ ಬಿಡಿ, ಅವನಿಗೇನು ಗೊತ್ತು!

ಆದರೆ ಆವತ್ತು ನಗುವ ಹಾಗಿರಲಿಲ್ಲ. ವಾರದಿಂದ ಕತ್ತಲಕೋಣೆಯಲ್ಲಿದ್ದ ನೊಣಗಳ ಓಡಾಟ ದಾಖಲಿಸುವ ಯಂತ್ರ ಅವು ಮಿಸುಕಿಯೇ ಇಲ್ಲವೆನ್ನುವ ಹಾಗೆ ಬರೀ ಸಪಾಟು ಗೆರೆ ಎಳೆದು ಕೂತಿತ್ತು. "ಸಂಜೆ ಕಮಿಟಿಗೆ ಇದನ್ನೇ ತೋರಿಸಿದ್ರೆ ನಿನ್ನ ಸೀಟು ಹೋದ ಹಾಗೇ ಕಣಮ್ಮ," ಎಂದಿದ್ದರು ಗೈಡ್ ಮೇಡಂ.

ಊಟ ಬಿಟ್ಟು ಕೋಣೆಗೆ ಓಡಿದಳು. ಬೆಳಕು ಚೆಲ್ಲುವ ಯಾವುದೂ ಒಳಗೆ ಬರಕೂಡದು. ಫೋನು, ವಾಚು ಎಲ್ಲ ಬಾಗಿಲಾಚೆಯ ಡಬ್ಬಿಗೆ. ಒಳಗೆ ನೊಣಗಳ ಕಣ್ಣಿಗೆ ಕಾಣದ ಮಂಕು ಕೆಂಪು ದೀಪವೊಂದೇ. ವೈರುಗಳನ್ನೆಲ್ಲ ತಡಕಾಡಿದಳು, ಏನೂ ತಿಳಿಯಲಿಲ್ಲ. ಒಂದೈದು ನಿಮಿಷ ಅಂತ ಸಾಲಾಗಿಟ್ಟಿದ್ದ ನೊಣದ ದೊಡ್ಡ ಬಾಟಲಿಗಳಲ್ಲೊಂದಕ್ಕೆ ತಲೆಯಾನಿಸಿ ಕೂತಳು. ಎಷ್ಟು ದಿನದ ನಿದ್ದೆ ಬಾಕಿಯಿತ್ತೋ, ಕಣ್ಣು ಎಳೆದುಕೊಂಡು ಹೋಯಿತು.

ಕನಸಿನಲ್ಲಿ ಕೋಣೆಗೆ ಗೋಡೆಗಳೇ ಇರಲಿಲ್ಲ. ಕೆಂಪು ಬೆಳಕು ನೀರಿನ ಹಾಗೆ ಮೊಣಕಾಲುದ್ದ ನಿಂತಿತ್ತು. ಸಾಸಿವೆಯಷ್ಟಾಗಿ ಅವಳೂ ಬಾಟಲಿಯೊಳಗಿದ್ದಳು. ಸುತ್ತ ನೊಣಗಳೆಲ್ಲ ರೆಕ್ಕೆ ಹೊದ್ದು ಮಲಗಿದ್ದವು. "ಏಳ್ರೋ ನನ್ನಪ್ಪಂದಿರಾ, ಕಮಿಟಿ ಇದೆ," ಎಂದು ಅಂಗಲಾಚಿದಳು. ಒಂದೂ ಮಿಸುಕಲಿಲ್ಲ. ಆಮೇಲೆ ಒಂದು ಎದ್ದಿತು, ಇನ್ನೊಂದು ಎದ್ದಿತು. ಸಣ್ಣಗೆ ಗುಂಯ್‌ಗುಡುತ್ತಾ ಅವೇ ಅವಳನ್ನು ಎಬ್ಬಿಸತೊಡಗಿದವು.

ಕಣ್ಣು ಬಿಟ್ಟರೂ ಆ ಸದ್ದು ನಿಲ್ಲಲಿಲ್ಲ. ಕಿವಿಗೊತ್ತಿದ ಬಾಟಲಿಯಿಂದಲೇ ಬರುತ್ತಿತ್ತು. ಅಯ್ಯೋ, ಹೊತ್ತೆಷ್ಟಾಯ್ತೋ! ಕಪ್ಪು ಪರದೆ ಸರಿಸಿ ಹೊರಗೋಡಿದಳು. ಕಾರಿಡಾರಿನ ಕಿಟಕಿಯಲ್ಲಿ ಸೂರ್ಯ ಆಗಷ್ಟೇ ಮುಳುಗುತ್ತಿದ್ದ. ಈ ನೊಣಗಳಿಗೆ ಹುರುಪು ಬರುವುದೇ ಮುಸ್ಸಂಜೆಗೆ. ಬೆಳಕು ಕಾಣದೆಯೂ ಸರಿಯಾಗಿ ಆ ಹೊತ್ತಿಗೇ ಎದ್ದಿವೆ. ಹಾಗಾದರೆ ಕೆಟ್ಟಿದ್ದು ನೊಣಗಳಲ್ಲ, ಯಂತ್ರ!

ಕಮಿಟಿಯವರು ಫೈಲು ಮುಚ್ಚಿ ಏಳುವುದರಲ್ಲಿದ್ದರು. ಅವಳ ಕೂದಲು ಕೆದರಿತ್ತು, ಕೆನ್ನೆಯ ಮೇಲೆ ಬಾಟಲಿಯ ಅಚ್ಚು ಮೂಡಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದರು ಮೇಡಂ.

"ನಿದ್ದೆ ಮಾಡ್ತಿದ್ದೆ ಮೇಡಂ. ನೊಣಗಳು ಎಬ್ಬಿಸಿದ್ವು. ದಯವಿಟ್ಟು ಬನ್ನಿ, ಫೋನು ಹೊರಗಿಟ್ಟು ಬನ್ನಿ."

ಗೊಣಗಿಕೊಂಡೇ ಬಂದರು. ಕೆಂಪು ಕತ್ತಲಲ್ಲಿ ಅಷ್ಟು ದೊಡ್ಡ ದೊಡ್ಡವರೆಲ್ಲ ಒಂದೊಂದು ಬಾಟಲಿಗೆ ಕಿವಿಯೊತ್ತಿ ನಿಂತರು.

ಕೊನೆಗೆ ಮೇಡಂ, ಮಗು ಮಲಗಿರುವ ಮನೆಯಲ್ಲಿ ಮಾತಾಡುವ ಹಾಗೆ ಪಿಸುಗುಟ್ಟಿದರು: "ಎದ್ದಿದಾವೆ ಕಣೇ."

ಅವಳಿಗೆ ಅಳು ಒತ್ತರಿಸಿ ಬಂತು.

"ಯಂತ್ರ ರಿಪೇರಿಗೆ ಕಳ್ಸಿ," ಎಂದರು ಕಮಿಟಿಯ ಹಿರಿಯರು, ಬಾಟಲಿಯಿಂದ ಕಿವಿ ತೆಗೆಯದೆ. "ಹುಡುಗಿ ಇಲ್ಲೇ ಇರ್ಲಿ."