ರೊಸಾಲಿನ್ ಕೂರಿಸಿದ ಸಾಲು

ಕಟ್ಟುಕಥೆ ಎನ್ನುವವರು ಎನ್ನಲಿ, ಬಂದರಿನ ಹತ್ತಿರದ ಆ ಕಾಫಿ ಕಾರ್ಖಾನೆಯಲ್ಲಿ ಅಂದು ರೊಸಾಲಿನ್ ಬೆಳಿಗ್ಗೆಯಿಂದ ನೂರು ಸಲ ಗೇಟಿಗೆ ಓಡಿ ಲಾರಿಯ ದಾರಿ ನೋಡಿದ್ದು ನಿಜ. ಐವತ್ತೆಂಟನೆಯ ಇಸವಿ. ಹಿಂದಿನ ವಾರದವರೆಗೆ ಅವಳೂ ಉಳಿದ ಹೆಂಗಸರ ಜೊತೆ ನೆಲದಲ್ಲಿ ಕೂತು ಗೆರಸೆಯಿಂದ ಕಪ್ಪು ಬೀಜ, ಒಡೆದ ಬೀಜ ಹೆಕ್ಕುತ್ತಿದ್ದವಳೇ. ಈಗ ಅವರಿಗೆಲ್ಲ ಮೇಸ್ತ್ರಿ. ಸಂಜೆ ಲಾರಿ ಬರುವುದರೊಳಗೆ ಹಡಗಿನ ಮಾಲು ಮುಗಿಯದಿದ್ದರೆ ಪುನಃ ಗೆರಸೆಯೇ ಗತಿ ಎಂದು ಮೇನೇಜರ್ ಜಯಪಾಲ ಶೆಟ್ರು ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು.

ಮಾತು ನಿಂತರೆ ಕೈ ಓಡುತ್ತದೆ ಎಂಬುದು ಅವಳ ಲೆಕ್ಕ. ಅದಕ್ಕೇ ಕೊಂಕಣಿಯವಳ ಪಕ್ಕ ತುಳುವಿನವಳು, ಅವಳ ಪಕ್ಕ ಬ್ಯಾರಿ ಮಾತಾಡುವವಳು ಎಂದು, ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದ ಹಾಗೆ ಎಲ್ಲರನ್ನೂ ಕಲಸಿ ಕೂರಿಸಿದ್ದಳು. ಆದದ್ದೇ ಬೇರೆ. ಬೆನಿಟಾ ಕೊಂಕಣಿಯಲ್ಲಿ ಹುಟ್ಟಿಸಿದ ತಮಾಷೆಯನ್ನು ತುಳುವಿಗೆ ಇಳಿಸಿ, ಅಲ್ಲಿಂದ ಬ್ಯಾರಿಗೆ ದಾಟಿಸಿ, ಒಂದೇ ಜೋಕಿಗೆ ಮೂರು ಸಲ ನಗು. ಅಷ್ಟು ಹೊತ್ತೂ ಕೈಗಳಿಗೆ ರಜೆ. ಕಣ್ಣು ಮಂಜಾದ ಸಾರಮ್ಮನ ರಾಶಿಯಂತೂ ಕರಗಲೇ ಇಲ್ಲ. ದಿನವೂ ಪಕ್ಕ ಕೂತು ಅದರಿಂದ ಎರಡು ಹಿಡಿ ತನ್ನ ಕಡೆಗೆ ಎಳೆದುಕೊಂಡು ಹೆಕ್ಕಿಕೊಡುತ್ತಿದ್ದ ಮುನೀರಾ ಈಗ ಸಾಲಿನ ಆಚೆ ತುದಿಯಲ್ಲಿದ್ದಳು.

"ಸಾಕು ಮಾರಾಯ್ರೆ, ಬಾಯಿ ಮುಚ್ಚಿ!" ಎಂದು ರೊಸಾಲಿನ್ ಕೂಗಿದಳು. ಕೇಳುವವರು ಯಾರು? ಬಿಸಿಲು ವಾಲುತ್ತಿತ್ತು.

ಆಗ ಆಫೀಸು ಕೋಣೆಯ ಹಲಗೆಗೋಡೆಯ ಹಿಂದಿನಿಂದ ಗಂಟಲು ಕೆರೆದ ಸದ್ದು.

"ರೊಸಾಲಿನ್!" ನಶ್ಯದಲ್ಲಿ ಅದ್ದಿದಂತಿದ್ದ ಶೆಟ್ರ ದನಿ.

"ಶೆಟ್ರೇ?" ಅವಳು ಸೆರಗು ಸರಿಮಾಡಿಕೊಂಡಳು.

"ಎಂತದು, ಅರ್ಧ ರಾಶಿ ಹಾಗೇ ಉಂಟಲ್ಲ? ಕೆಲಸ ಕೆಡಿಸಿದವಳು ಯಾರು? ಒಂದು ಹೆಸರು ಹೇಳು, ಇವತ್ತೇ ಮನೆಗೆ ಕಳಿಸ್ತೇನೆ."

ಸಾರಮ್ಮ ತಲೆ ತಗ್ಗಿಸಿದಳು. ಒಂದು ಹೆಸರು ಹೇಳಿದರೆ ರೊಸಾಲಿನ್ ಉಳಿದುಕೊಳ್ಳುತ್ತಿದ್ದಳು. ಸಾಲಿನ ಉದ್ದಕ್ಕೂ ಒಮ್ಮೆ ನೋಡಿದಳು.

"ನಾನೇ ಶೆಟ್ರೇ," ಎಂದಳು. "ಒಟ್ಟಿಗೆ ಕೂತವರನ್ನು ಎಬ್ಬಿಸಿ ಬೇರೆ ಬೇರೆ ಕೂರಿಸಿದ್ದು ನಾನು. ಕಳಿಸುವುದಾದರೆ ನನ್ನನ್ನೇ ಕಳಿಸಿ."

ಹಲಗೆಯ ಹಿಂದೆ ಹಿತ್ತಿಲ ಬಾಗಿಲು ಕಿರುಗುಟ್ಟಿತು.

ಮೊದಲು ಎದ್ದವಳು ಮುನೀರಾ. ಗೆರಸೆ ಎತ್ತಿಕೊಂಡು ಬಂದು ಸಾರಮ್ಮನಿಗೆ ತಾಗಿ ಕೂತಳು.

"ಯಾರಿಗೆ ಯಾರು ಬೇಕೋ ಹಾಗೆ ಕೂತುಕೊಳ್ಳಿ," ಎಂದಳು ರೊಸಾಲಿನ್, ತಾನೂ ನೆಲದಲ್ಲಿ ಕೂರುತ್ತ. "ನನಗೂ ಒಂದು ಗೆರಸೆ ಕೊಡಿ."

ನೀರಿಗೆ ಹೋಗಿದ್ದ ಬೆನಿಟಾ ಕೊಡ ಇಳಿಸಿ ತಾನೂ ಸಾಲಿಗೆ ಸೇರಿಕೊಂಡಳು. ಆಮೇಲೆ ಬೀಜದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಯ ಗೋಣಿಯ ಬಾಯಿ ಹೊಲಿಯುತ್ತಿರುವಾಗ ಲಾರಿಯ ಹಾರ್ನ್ ಕೇಳಿಸಿತು.

ರೊಸಾಲಿನ್ ಸೆರಗಿನಿಂದ ಮುಖ ಒರೆಸಿ, ಶಿಲುಬೆ ಗುರುತು ಮಾಡಿಕೊಂಡು, ಆಫೀಸಿನ ಬಾಗಿಲು ದೂಡಿದಳು. ಕುರ್ಚಿ ಖಾಲಿ.

"ಶೆಟ್ರೆಲ್ಲಿ?"

"ಅವರು ಮಧ್ಯಾಹ್ನವೇ ಕೊಡಿಯಾಲ್‌ಬೈಲಿನ ಮನೆಗೆ ಹೋದರಲ್ಲ ರೊಸಾಲಿನ್ ಬಾಯಿ," ಎಂದ ಪ್ಯೂನ್ ಉಮರಬ್ಬ.

"ಹಾಗಾದರೆ ಇಲ್ಲಿ ಮಾತಾಡಿದ್ದು?"

ಬೆನ್ನ ಹಿಂದೆ ಗಂಟಲು ಕೆರೆದ ಸದ್ದಾಯಿತು. ತಿರುಗಿದರೆ ಬೆನಿಟಾ, ಗದ್ದವನ್ನು ಕುತ್ತಿಗೆಯೊಳಗೆ ಹುದುಗಿಸಿ, ಥೇಟ್ ಶೆಟ್ರೇ: "ರೊಸಾಲಿನ್! ನಿನ್ನನ್ನು ಕಳಿಸಿದರೆ ಇವರಿಗೆ ಬೈಯುವವರು ಯಾರು?"

ಕೈ ಎತ್ತಿದಳು ರೊಸಾಲಿನ್. ಬೆನಿಟಾ ಕೆನ್ನೆ ಮುಚ್ಚಿಕೊಂಡಳು. ಎತ್ತಿದ ಕೈ ರೊಸಾಲಿನ್‌ಳ ಹೊಟ್ಟೆಯ ಮೇಲೆಯೇ ಬಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ಅವಳು ನಕ್ಕ ನಗೆಗೆ ಉಳಿದವರ ನಗುವೆಲ್ಲ ಮುಳುಗಿಹೋಯಿತು, ಲಾರಿಯ ಡ್ರೈವರ್ ಏನೋ ಅನಾಹುತವೆಂದು ಓಡಿಬಂದ.