ಬೆನ್ನ ಹಿಂದಿನ ಹಗ್ಗ

ಆ ಹಗ್ಗವನ್ನು ಕಂಡು ನಗದವರೇ ಇಲ್ಲ. ಮೈತುಂಬ ಬೆಂಕಿ ತಡೆಯುವ ಕೋಟು, ಮುಖದ ಮುಂದೆ ದಪ್ಪ ಕನ್ನಡಕದಂಥ ಮುಸುಕು, ಮೊಣಕೈವರೆಗೆ ರಬ್ಬರ್ ಗ್ಲೌಸು, ಕೈಯಲ್ಲಿ ಹೊಚ್ಚಹೊಸ ಕ್ಯಾಮೆರಾ. ಇಷ್ಟೆಲ್ಲ ತೊಟ್ಟುಕೊಂಡು ಸೊಂಟಕ್ಕೆ ಮಾತ್ರ ಹಳೇ ನೂಲಿನ ಹಗ್ಗ! ಬ್ರೆಡ್ ಕಾರ್ಖಾನೆಯ ಎಲೆಕ್ಟ್ರಿಷಿಯನ್ ಕೂಡ ಬಾಯಿ ಮುಚ್ಚಿಕೊಂಡು ಇರಲಾರದೆ ಹೋದ.

“ಏನ್ ಮೇಡಂ, ಎಲ್ಲಿ ಓಡಿಹೋಗ್ತೀರೋ ಅಂತ ಕಟ್ಟಿಹಾಕಿದ್ದಾರಾ?”

“ಹೂಂ ಮತ್ತೆ. ನಿಮ್ಮ ಬ್ರೆಡ್ ವಾಸನೆ ಹಿಡ್ಕೊಂಡು ಆ ಕಡೆ ಹೋಗ್ಬಿಟ್ರೆ?” ಎಂದಳು ಅವಳು.

ಹಗ್ಗ ಕಟ್ಟುತ್ತಿದ್ದ ಚಿಕ್ಕಪ್ಪ ನಗಲಿಲ್ಲ. ಗಂಟು ಹಾಕಿ, ಎರಡು ಸಲ ಎಳೆದು ನೋಡಿ, ನೆಲಕ್ಕೆ ಕೂತು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ಎದುರಿಗೆ ಆಳೆತ್ತರದ ಪ್ಯಾನೆಲ್ ಪೆಟ್ಟಿಗೆ. ಇಡೀ ಕಾರ್ಖಾನೆಯ ಒಲೆಗಳಿಗೆ ಕರೆಂಟು ಹೋಗುವುದು ಅದರಿಂದಲೇ. ಗೆರೆಯಿಂದ ಅಲ್ಲಿಗೆ ನಾಲ್ಕು ಹೆಜ್ಜೆ.

“ಈ ಗೆರೆ ದಾಟಬಾರದು, ಪುಟ್ಟಿ.”

“ಗೊತ್ತು, ಚಿಕ್ಕಪ್ಪ. ಮೂರು ವರ್ಷದಿಂದ ಇದನ್ನೇ ಹೇಳ್ತಿದೀಯ.”

ಅವಳ ಕೆಲಸವೇನು ಅಂತ ಕೇಳಿದರೆ ಹೇಳುವುದು ಸುಲಭ. ಬಿಸಿಯನ್ನು ಬಣ್ಣ ಮಾಡಿ ತೋರಿಸುವ ಕ್ಯಾಮೆರಾ ಹಿಡಿದು ಕರೆಂಟಿನ ಪೆಟ್ಟಿಗೆಗಳ ಹೊಟ್ಟೆಯೊಳಗೆ ನೋಡುವುದು. ಎಲ್ಲೋ ಒಂದು ಬೋಲ್ಟು ಸಡಿಲವಾಗಿದ್ದರೆ ಅದು ಬಿಸಿಯಾಗುತ್ತದೆ. ಬರಿಗಣ್ಣಿಗೆ ಕಾಣದ್ದು ಪರದೆಯ ಮೇಲೆ ಬೆಳ್ಳಗೆ ಉರಿಯುತ್ತದೆ. ಆದರೆ ಸ್ವಿಚ್ಚು ಆರಿಸಿದರೆ ಬಿಸಿಯೂ ಇಲ್ಲ, ಚಿತ್ರವೂ ಇಲ್ಲ. ಹಾಗಾಗಿ ಕರೆಂಟು ಹರಿಯುತ್ತಿರುವಾಗಲೇ ಬಾಗಿಲು ತೆಗೆಯಬೇಕು. ಮುಟ್ಟುವುದಂತೂ ದೂರದ ಮಾತು, ಹತ್ತಿರ ಸುಳಿದರೂ ಸಾಕು, ಅದು ಹಾರಿ ಬಂದು ಹಿಡಿಯುತ್ತದೆ.

ಈ ಕ್ಯಾಮೆರಾಕ್ಕೆ ಒಂದು ಕೆಟ್ಟ ಚಾಳಿಯಿದೆ. ಪರದೆ ನೋಡುವವರಿಗೆ ದೂರ ಹತ್ತಿರ ಒಂದೂ ಗೊತ್ತಾಗುವುದಿಲ್ಲ. ಇನ್ನೊಂಚೂರು ಚೆನ್ನಾಗಿ ಕಾಣಲಿ, ಇನ್ನೊಂಚೂರು ಅಂತ ಕಾಲು ತಾನಾಗಿ ಮುಂದಕ್ಕೆ ಹೋಗುತ್ತಿರುತ್ತದೆ. ಅದಕ್ಕೇ ಅಪ್ಪ ಈ ಹಗ್ಗದ ಪದ್ಧತಿ ಮಾಡಿದ್ದು. ಕ್ಯಾಮೆರಾ ಹಿಡಿದವರ ಸೊಂಟಕ್ಕೆ ಒಂದು ತುದಿ, ಹಿಂದೆ ನಿಂತವರ ಕೈಯಲ್ಲಿ ಇನ್ನೊಂದು ತುದಿ. ಹಿಂದೆ ನಿಂತವರು ಮುಂದಿನವರ ಹಿಮ್ಮಡಿ ಮಾತ್ರ ನೋಡಬೇಕು. ಏನಾದರೂ ಆಗಲಿ, ಪರದೆ ನೋಡಬಾರದು. ಗೆರೆ ದಾಟಿದ ಕೂಡಲೆ ಎರಡು ಸಲ ಜಗ್ಗಿ, ಆಮೇಲೆ ಹಿಡಿದಿಟ್ಟುಕೊಳ್ಳಬೇಕು.

ಆ ಎರಡು ಜಗ್ಗು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಅಮ್ಮ ಕೆಲಸಕ್ಕೆ ಹೋದ ದಿನ ಅಪ್ಪ ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿ, ಇದೇ ಹಗ್ಗವನ್ನು ಸೊಂಟಕ್ಕೆ ಕಟ್ಟಿ, ತಾನು ವೈರು ಬಿಡಿಸುತ್ತ ಕೂರುತ್ತಿದ್ದ. ಅಂಬೆಗಾಲಿಟ್ಟು ಅಂಚಿನ ಕಡೆ ಹೋದರೆ ಜಗ್, ಜಗ್. ಆಮೇಲೆ ಮೆತ್ತಗಿನ ಒಂದು ಹಿಡಿತ. ಸ್ವಲ್ಪ ದೊಡ್ಡವಳಾದ ಮೇಲೆ ಅವನೇ ಕ್ಯಾಮೆರಾದ ಆಟ ತೋರಿಸಿದ. ಗೋಡೆಗೆ ಅಂಗೈ ಒತ್ತಿ ತೆಗೆದರೆ ಪರದೆಯಲ್ಲಿ ಕೈ ಅಲ್ಲೇ ಉಳಿಯುತ್ತಿತ್ತು, ಐದೂ ಬೆರಳಿನ ಸಮೇತ. “ಎಣಿಸು” ಅನ್ನುತ್ತಿದ್ದ. ನಲವತ್ತು ಎಣಿಸುವಷ್ಟರಲ್ಲಿ ಕೈ ಮಾಯ.

ಒಂಬತ್ತು ವರ್ಷದ ಹಿಂದೆ ಒಂದು ಪ್ಯಾನೆಲ್ಲಿನ ಮುಂದೆ ಅಪ್ಪ ಗೆರೆ ದಾಟಿದ. ಹಗ್ಗದ ಇನ್ನೊಂದು ತುದಿಯಲ್ಲಿ ಚಿಕ್ಕಪ್ಪನಿದ್ದ. ಹೇಗಾಯಿತು ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವಳು ಅಪ್ಪನ ಕೆಲಸ ಹಿಡಿಯುತ್ತೇನೆ ಅಂದಾಗ ಅಮ್ಮ ಹಾಕಿದ ಶರತ್ತು ಒಂದೇ: “ನಿನ್ನ ಚಿಕ್ಕಪ್ಪ ಹಿಂದೆ ನಿಲ್ಲೋದಾದ್ರೆ ಹೋಗು. ಇಲ್ದಿದ್ರೆ ನನ್ನ ಹೆಣ ದಾಟ್ಕೊಂಡು ಹೋಗು.” ಅಷ್ಟು ನಂಬಿಕೆ ಅವನ ಮೇಲೆ.

ಬೆಳಗಿನ ಹನ್ನೊಂದು ಗಂಟೆ. ಎಲೆಕ್ಟ್ರಿಷಿಯನ್ ತಾನೂ ಕೋಟು ತೊಟ್ಟು ಪ್ಯಾನೆಲ್ಲಿನ ಬಾಗಿಲು ತೆಗೆದುಕೊಟ್ಟು ಒಲೆಗಳ ಕಡೆ ಹೋದ. ಕೋಣೆಯಲ್ಲಿ ಫ್ಯಾನಿನ ಗುಂಯ್ ಸದ್ದು. ಗೋಡೆಯಾಚೆಯಿಂದ ಹೊಸ ಬ್ರೆಡ್ಡಿನ ಘಮ. ಪ್ಯಾನೆಲ್ಲಿನೊಳಗೆ, ಹೋದ ವಾರವಷ್ಟೇ ಹಾಕಿದ, ಕರೆಂಟು ಹರಿಯುವ ತಾಮ್ರದ ಪಟ್ಟಿಗಳು ಕನ್ನಡಿಯಂತೆ ಹೊಳೆಯುತ್ತಿದ್ದವು.

“ನಡಿ” ಎಂದ ಚಿಕ್ಕಪ್ಪ, ಹಿಂದಿನಿಂದ.

ಅವಳು ಕ್ಯಾಮೆರಾ ಎತ್ತಿದಳು. ಮೊದಲ ಸಾಲು ಸರಿ, ಎರಡನೆಯದೂ ಸರಿ. ಮೂರನೆಯ ಪಟ್ಟಿಯ ಮೇಲೆ ಮಾತ್ರ ಒಂದು ಬಿಸಿಯ ಕಲೆ. ಬೋಲ್ಟಿನಷ್ಟು ಚಿಕ್ಕದಲ್ಲ, ಉದ್ದಕ್ಕಿತ್ತು. ಇದೇನಪ್ಪಾ ಹೊಸದು ಅಂತ ಕಣ್ಣು ಕಿರಿದು ಮಾಡಿದಳು. ಕಲೆ ಸ್ವಲ್ಪ ದೊಡ್ಡದಾಯಿತು. ಕೆಂಪು ಇದ್ದದ್ದು ಹಳದಿಯಾಯಿತು. ನೋಡನೋಡುತ್ತ ಇನ್ನೂ ದೊಡ್ಡದಾಯಿತು. ಬಿಸಿ ಏರುತ್ತಿದೆ, ಈಗಲೇ ಏರುತ್ತಿದೆ ಅಂತ ಅವಳ ಎದೆ ಹೊಡೆದುಕೊಳ್ಳತೊಡಗಿತು. ಅದಕ್ಕೊಂದು ತಲೆ ಇದ್ದ ಹಾಗಿತ್ತು, ಭುಜ ಇದ್ದ ಹಾಗಿತ್ತು. ಅದು ಅವಳ ಕಡೆಗೇ ಬರುತ್ತಿತ್ತು.

ಜಗ್, ಜಗ್. ಆಮೇಲೆ ಮೆತ್ತಗಿನ ಹಿಡಿತ.

ಅವಳು ಥಟ್ಟನೆ ನಿಂತು ಕಣ್ಣು ಕೆಳಗಿಳಿಸಿದಳು. ಅಯ್ಯೋ ದೇವರೇ! ಗೆರೆ ಎಲ್ಲೋ ಹಿಂದೆ ಉಳಿದಿತ್ತು. ಕ್ಯಾಮೆರಾದ ಮೂತಿಗೂ ತಾಮ್ರಕ್ಕೂ ನಡುವೆ ಒಂದೂವರೆ ಗೇಣು. ಉಸಿರು ಬಿಗಿಹಿಡಿದು ಒಂದು ಹೆಜ್ಜೆ ಹಿಂದಿಟ್ಟಳು, ಇನ್ನೊಂದು ಇಟ್ಟಳು. ಪರದೆಯ ಕಲೆ ಚಿಕ್ಕದಾಯಿತು. ಎಡಕ್ಕೆ ವಾಲಿದಳು, ಅದೂ ವಾಲಿತು.

ಥೂ! ನಾನೇ ಅಲ್ವಾ ಇದು!

ಹೊಳೆಯುವ ತಾಮ್ರದಲ್ಲಿ ತನ್ನದೇ ಮೈಬಿಸಿ ಬಿಂಬವಾಗಿ ಕಂಡಿತ್ತು. ಹತ್ತಿರ ಹೋದಷ್ಟೂ ಬೆಳೆದಿತ್ತು. ಕಲಿಯುವವರು ಮೊದಲ ವಾರ ಮಾಡುವ ತಪ್ಪು. ತನ್ನನ್ನೇ ತಾನು ಅಟ್ಟಿಸಿಕೊಂಡು ಸಾವಿನ ಬಾಯಿಯವರೆಗೆ ಹೋಗಿದ್ದಳು. ಅಪ್ಪನೂ ಹೀಗೇ ಹೋದನೇನೋ ಅನ್ನಿಸಿತು. ಸದ್ಯ, ಚಿಕ್ಕಪ್ಪ ಎಳೆದ. ಬದುಕಿದೆ.

ಹಾಗಂದುಕೊಂಡು ಇನ್ನೊಮ್ಮೆ ಪರದೆ ನೋಡಿದವಳಿಗೆ ಎದೆ ಧಸಕ್ಕೆಂದಿತು.

ಬಿಂಬ ಒಂದೇ ಇತ್ತು. ಅವಳ ಹಿಂದೆ, ನೇರಕ್ಕೆ, ಇನ್ನೊಬ್ಬ ಮನುಷ್ಯ, ಚಿಕ್ಕಪ್ಪ, ನಿಂತಿರಬೇಕಿತ್ತು. ಅವನಿಗೂ ಮೈ ಇದೆ, ಬಿಸಿ ಇದೆ. ಅವಳು ಬಲಕ್ಕೆ ಸರಿದು ನೋಡಿದಳು, ಎಡಕ್ಕೆ ಸರಿದು ನೋಡಿದಳು. ಅವಳ ಹಿಂದೆ ಕೋಣೆಯ ಗೋಡೆ ಮಾತ್ರ ನೀಲಿಯಾಗಿ, ತಣ್ಣಗೆ ಕಾಣುತ್ತಿತ್ತು.

“ಚಿಕ್ಕಪ್ಪಾ?” ದನಿ ಅರ್ಧಕ್ಕೇ ನಿಂತಿತು. “ಇದೀಯಾ?”

“ಇದೀನಿ ಪುಟ್ಟಿ.”

ದನಿ ಹಿಂದಿನಿಂದಲೇ ಬಂತು. ಪರದೆಯಲ್ಲಿ ಏನೂ ಬರಲಿಲ್ಲ. ಮಾತಾಡುವ, ಹಗ್ಗ ಎಳೆಯುವ, ಆದರೆ ಮೈಯಲ್ಲಿ ಬಿಸಿಯೇ ಇಲ್ಲದ ಯಾವುದೋ ಒಂದು ತನ್ನ ಬೆನ್ನ ಹಿಂದೆ ನಿಂತಿದೆ ಅಂತ ಅನ್ನಿಸಿ ಅವಳಿಗೆ ನಿಂತಲ್ಲೇ ಮೈ ಜುಮ್ಮೆಂದಿತು. ತಿರುಗಿ ನೋಡುವ ಹಾಗಿಲ್ಲ. ತೆರೆದ ಪ್ಯಾನೆಲ್ಲಿಗೆ ಬೆನ್ನು ಹಾಕಬಾರದು. ಬಾಗಿಲು ಮುಚ್ಚುವಾಗ ಪಕ್ಕಕ್ಕೆ ನಿಲ್ಲು, ಮುಖ ಆ ಕಡೆಗಿರಲಿ ಅಂತ ಅಪ್ಪ ಹೇಳಿದ್ದನ್ನೇ ಮನಸ್ಸಿನಲ್ಲಿ ಜಪದಂತೆ ಅನ್ನುತ್ತ, ಬದಿಗೆ ಸರಿದು, ಬಾಗಿಲು ತಳ್ಳಿ ಹಿಡಿ ತಿರುಗಿಸಿದಳು. ಆಮೇಲೆ ತಿರುಗಿದಳು.

ಕೋಣೆ ಖಾಲಿ.

ಸೊಂಟದಿಂದ ಹೊರಟ ಹಗ್ಗ ನೆಲದ ಮೇಲೆ ಹಾವಿನಂತೆ ಸಡಿಲವಾಗಿ ಬಿದ್ದಿತ್ತು. ಅಲ್ಲಿಂದ ಎದ್ದು ಕೋಣೆಯ ಅರ್ಧ ತೆರೆದ ಬಾಗಿಲಿನ ಚಿಲಕಕ್ಕೆ ಹೋಗಿ ಗಂಟಾಗಿತ್ತು. ಕೈಯಲ್ಲಿದ್ದ ಕ್ಯಾಮೆರಾ ತನ್ನಷ್ಟಕ್ಕೆ ನೆಲದ ಕಡೆ ವಾಲಿತ್ತು. ಅವಳು ಪರದೆ ನೋಡಿದಳು. ನೀಲಿ ನೆಲ, ನೀಲಿ ಹಗ್ಗ. ಹಗ್ಗದ ನಟ್ಟನಡುವೆ ಅಕ್ಕಪಕ್ಕದಲ್ಲಿ ಎರಡು ಹಿಡಿಯಷ್ಟು ಜಾಗ ಮಾತ್ರ ಕಿತ್ತಳೆ ಬಣ್ಣ. ಯಾರೋ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಈಗ ತಾನೇ ಬಿಟ್ಟಂತೆ. ಬೆರಳು ಗುಂಡಿ ಒತ್ತಿತು. ಚಿತ್ರ ಉಳಿಯಿತು. ಹಗ್ಗದ ಮೇಲಿನ ಬಣ್ಣ ಮಂಕಾಗುತ್ತ ಬಂತು. ತನಗೆ ಗೊತ್ತಿಲ್ಲದೆಯೇ ಅವಳು ಎಣಿಸುತ್ತಿದ್ದಳು. ಮೂವತ್ತೊಂದಕ್ಕೆ ಅದು ಮಾಯವಾಯಿತು.

ಚಿಕ್ಕಪ್ಪ ಹೊರಗೆ, ಬಾಗಿಲಿನ ಪಕ್ಕ, ಗೋಡೆಗೊರಗಿ ನಿಂತಿದ್ದ. ಕೋಟು, ಮುಸುಕು ಎಲ್ಲ ತೊಟ್ಟೇ ಇದ್ದ. ಅವಳು ತಾನಾಗಿ ಹೊರಗೆ ಬಂದದ್ದು ಕಂಡು ಮುಖ ಬಿಳಚಿಕೊಂಡಿತು.

“ಆಯ್ತಾ? ಮುಗಿದ ಮೇಲೆ ಕರೀಬಾರದಾ? ನಾನೇ ಬಂದು ಗಂಟು ಬಿಚ್ತಿದ್ದೆ.”

“ಎಷ್ಟು ದಿನದಿಂದ ಹೀಗೆ?” ಎಂದಳು. ಕೋಪ ನೆತ್ತಿಗೇರಿತ್ತು, ಹಲ್ಲು ಮಾತ್ರ ಕಟಕಟ ಅನ್ನುತ್ತಿತ್ತು. “ನಾನು ಒಳಗೆ ಪ್ರಾಣ ಕೈಯಲ್ಲಿ ಹಿಡ್ಕೊಂಡು ನಿಂತಿರ್ತೀನಿ, ನೀನು ಇಲ್ಲಿ ಗೋಡೆ ಕಾಯ್ತಿರ್ತೀಯಾ? ಅಮ್ಮನಿಗೆ ಏನಂತ ಮಾತು ಕೊಟ್ಟಿದ್ದೆ ನೀನು?”

ಅವನು ತಪ್ಪಿಸಿಕೊಳ್ಳಲು ನೋಡಲಿಲ್ಲ. ಮುಸುಕು ತೆಗೆದು ಕಂಕುಳಲ್ಲಿಟ್ಟುಕೊಂಡ.

“ಮೊದಲನೇ ದಿನದಿಂದ. ಒಳಗೆ ನಿಲ್ಲೋಕೆ ಆಗಲ್ಲಮ್ಮ ನಂಗೆ. ಅವತ್ತು ಅಣ್ಣ ‘ಬಾರೋ ನೋಡೋ ಇಲ್ಲಿ, ಎಷ್ಟು ಚೆನ್ನಾಗಿ ಕಾಣ್ತಿದೆ’ ಅಂದ. ನಾನು ನೋಡಿಬಿಟ್ಟೆ. ಅವನ ಕಾಲು ನೋಡೋದು ಬಿಟ್ಟು ಪರದೆ ನೋಡಿಬಿಟ್ಟೆ. ಇಬ್ಬರೂ ಅದನ್ನೇ ನೋಡ್ತಾ ನಿಂತಿದ್ವಿ, ಪುಟ್ಟಿ. ಹಗ್ಗ ನನ್ನ ಕೈಯಲ್ಲೇ ಇತ್ತು.” ಅವನು ಅಂಗೈ ಬಿಡಿಸಿ ನೋಡಿಕೊಂಡ. “ಅದಕ್ಕೇ ಚಿಲಕಕ್ಕೆ ಕಟ್ತೀನಿ. ಗೆರೆವರೆಗೆ ಅಳತೆ ಮಾಡಿ ಕಟ್ತೀನಿ, ಒಂದು ಬೆರಳು ಜಾಸ್ತಿ ಬಿಡಲ್ಲ. ಚಿಲಕ ಪರದೆ ನೋಡಲ್ಲ ನೋಡು. ನನಗಿಂತ ಅದೇ ವಾಸಿ.”

“ಇವತ್ತು ನಾಲ್ಕು ಮೊಳ ಜಾಸ್ತಿ ಬಿಟ್ಟಿದೀಯ.”

ಅವನು ಒಳಗೆ ಇಣುಕಿ ನೆಲದ ಹಗ್ಗ ನೋಡಿದ. ಗೋಡೆ ಹಿಡಿದುಕೊಂಡು ಮೆಲ್ಲಗೆ ಕೆಳಗೆ ಕೂತ. ಕೆಟ್ಟ ಕಣ್ಣು, ಪೊರೆ ಬಂದಿದೆ, ಸರಿಯಾಗಿ ಕಾಣಲ್ಲ ಅಂತ ಏನೇನೋ ಅನ್ನುತ್ತ ಎರಡೂ ಕೈಯಲ್ಲಿ ತಲೆ ಹೊಡೆದುಕೊಂಡ. ಅವಳು ಆ ಕೈಗಳನ್ನು ಹಿಡಿದಳು.

“ಹೋಗ್ಲಿ, ಎಳೆದೆಯಲ್ಲ. ಹೊರಗಿಂದಾದ್ರೂ ಹೊತ್ತಿಗೆ ಸರಿಯಾಗಿ ಎಳೆದೆ. ಮೂರು ವರ್ಷದಲ್ಲಿ ನಾಲ್ಕು ಸಲ ಎಳೆದಿದೀಯ.”

“ನಾನಾ?” ಚಿಕ್ಕಪ್ಪ ತಲೆ ಎತ್ತಿದ. “ನಾನೆಲ್ಲಿ ಎಳೆದೆ? ಗಂಟು ಹಾಕಿದ ಮೇಲೆ ಹಗ್ಗ ಮುಟ್ಟೋದೇ ಇಲ್ಲ ನಾನು. ಒಂದು ದಿನಾನೂ ಎಳೆದಿಲ್ಲ.”

ಒಳಗೆ ಫ್ಯಾನು ಗುಂಯ್ ಅನ್ನುತ್ತಿತ್ತು.

“ಹೇಗೆ ಎಳೀತು?” ಎಂದು ಕೊನೆಗೆ ಅವನೇ ಕೇಳಿದ, ಪಿಸುಮಾತಿನಲ್ಲಿ.

“ಎರಡು ಜಗ್ಗು. ಆಮೇಲೆ ಮೆತ್ತಗೆ ಹಿಡಿದಿಟ್ಟುಕೊಳ್ತು. ತಾರಸಿ ಮೇಲೆ ಹಿಡೀತಿದ್ನಲ್ಲ, ಹಾಗೆ.”

ಅವಳು ಕ್ಯಾಮೆರಾದ ಪರದೆ ಅವನ ಕಡೆ ತಿರುಗಿಸಿದಳು. ಒಂಬತ್ತು ವರ್ಷ ಪರದೆಯ ಕಡೆ ಕಣ್ಣೆತ್ತಿಯೂ ನೋಡದವನು ಈಗ ನೋಡಿದ. ನೀಲಿ ಹಗ್ಗದ ಮೇಲೆ ಎರಡು ಹಿಡಿ. ಅವನು ಬೆರಳಿನಿಂದ ಅವುಗಳನ್ನು ಮುಟ್ಟಿದ, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು. “ಅಣ್ಣಾ” ಎಂದ. ಆಮೇಲೆ ಚಿಕ್ಕ ಮಗುವಿನಂತೆ ಗೊಳೋ ಎಂದು ಅತ್ತ. ಎಲೆಕ್ಟ್ರಿಷಿಯನ್ ಆ ಕಡೆಯಿಂದ ಓಡಿಬಂದು ಏನಾಯ್ತು ಅಂತ ಕೇಳಿದ್ದಕ್ಕೆ ಅವಳು “ಏನಿಲ್ಲ, ಇನ್ನೂ ಅರ್ಧ ಕೆಲಸ ಬಾಕಿ ಇದೆ” ಅಂದಳು.

ಬಾಕಿ ಕೆಲಸ ನಾಳೆಗೆ ಇಟ್ಟುಕೊಳ್ಳೋಣ ಅಂತ ಅವಳೇ ಹೇಳಿದಳು. ಚಿಕ್ಕಪ್ಪ ಒಪ್ಪಲಿಲ್ಲ. ಮುಖ ತೊಳೆದು ಬಂದು, ಚಿಲಕದ ಗಂಟು ಬಿಚ್ಚಿ, ಹಗ್ಗದ ತುದಿಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡ. ಸೀಮೆಸುಣ್ಣದ ಗೆರೆಯನ್ನು ಇನ್ನೊಮ್ಮೆ ದಪ್ಪಗೆ ತಿದ್ದಿದ. ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಕಣ್ಣು ಮುಚ್ಚಿ ತೆರೆದು, ಒಳಗೆ ಕಾಲಿಟ್ಟ.

“ಹಿಡ್ಕೊಂಡಿದೀಯಾ, ಚಿಕ್ಕಪ್ಪ?”

“ಹಿಡ್ಕೊಂಡಿದೀನಿ. ನಿನ್ನ ಹಿಮ್ಮಡಿ ನೋಡ್ತಾ ಇದೀನಿ. ನಡಿ ನೀನು.”

ಎಲೆಕ್ಟ್ರಿಷಿಯನ್ ಪ್ಯಾನೆಲ್ ತೆಗೆದು ಹೊರಗೆ ಹೋದ. ಅವಳು ಗೆರೆಯ ಮೇಲೆಯೇ ನಿಂತು ಕ್ಯಾಮೆರಾ ಎತ್ತಿದಳು. ತಾಮ್ರದಲ್ಲಿ ಬಿಂಬಗಳು ಕಂಡವು. ಮುಂದೆ ಅವಳು. ಅವಳ ಭುಜದ ಹಿಂದೆ, ಸ್ವಲ್ಪ ಬಾಗಿದ, ಕೆಳಗೆ ನೋಡುತ್ತಿರುವ ಚಿಕ್ಕಪ್ಪ. ಬೆಚ್ಚಗೆ, ಹಳದಿಯಾಗಿ. ಇಬ್ಬರು.

ಅವಳು ಎಡಕ್ಕೆ ವಾಲಿ ನೋಡಿದಳು, ಬಲಕ್ಕೆ ವಾಲಿ ನೋಡಿದಳು. ಕೋಣೆಯ ಮೂಲೆ ಮೂಲೆಗೂ ಕ್ಯಾಮೆರಾ ಹಿಡಿಯುವ ಆಸೆಯಾಯಿತು. ಮೂರನೆಯವರು ಎಲ್ಲಿಯೂ ಇರಲಿಲ್ಲ. ಬೇಕೆಂದೇ, ಮುಂಗಾಲನ್ನು ಒಂದೇ ಒಂದು ಬೆರಳಿನಷ್ಟು ಗೆರೆಯಾಚೆ ಇಟ್ಟಳು.

ಜಗ್, ಜಗ್. ಒರಟು ಎಳೆತ, ಅವಸರದ್ದು. ಹಿಂದೆಯೇ ಚಿಕ್ಕಪ್ಪನ ಬೈಗುಳ: “ಹೇಯ್! ತಲೆ ನೆಟ್ಟಗಿದೆಯಾ? ಗೆರೆ!”

“ಸಾರಿ ಚಿಕ್ಕಪ್ಪ” ಎಂದು ಕಾಲು ಹಿಂದಿಟ್ಟಳು. ಮುಸುಕಿನೊಳಗೆ ಕಣ್ಣೀರು ಒರೆಸಿಕೊಳ್ಳಲು ಆಗುವುದಿಲ್ಲ, ಹಾಗೇ ಬಿಟ್ಟಳು. ಅಪ್ಪ ಇನ್ನು ಹಿಡಿಯುವುದಿಲ್ಲ ಅಂತ ಅವಳಿಗೆ ಗೊತ್ತಾಯಿತು. ಮೂರನೆಯ ಪಟ್ಟಿಯಿಂದ ಕೆಲಸ ಮುಂದುವರಿಸಿದಳು.